ಮಳೆ, ಎರೆಮಣ್ಣು, ಒಂಟಿ ಕಾರು: ಕ್ರೂಗರ್ ಕಾಡಿನಲ್ಲಿ ಒಂದು ದಿನದ ಪ್ರಕರಣ

ಪ್ರಕರಣ ಇಷ್ಟೇ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ. ಜನವರಿ ತಿಂಗಳು. ಅಲ್ಲಿಗೆ ಅದು ನಡು ಬೇಸಿಗೆ, ಮಳೆಗಾಲವೂ ಹೌದು. ಬಾಡಿಗೆಯ ಸಣ್ಣ ಹ್ಯಾಚ್‌ಬ್ಯಾಕ್ ಕಾರು, ಒಳಗೆ ನಾನೊಬ್ಬನೇ. ಮಧ್ಯಾಹ್ನ 1:40ಕ್ಕೆ ಎಸ್28 ಎಂಬ ಕಚ್ಚಾ ರಸ್ತೆಯಲ್ಲಿ ಕಾರಿನ ಎಡ ಮುಂಗಾಲಿ ಕೆಸರಿನಲ್ಲಿ ಹೂತಿತು. ಮೇಲೆ ಬಂದಿದ್ದು 4:20ಕ್ಕೆ. ಯಾರಿಗೂ ಏನೂ ಆಗಲಿಲ್ಲ. ಕಾರಿಗೂ ಏನೂ ಆಗಲಿಲ್ಲ.

ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಆ ದಿನ ನನಗೆ ಗೊತ್ತಿಲ್ಲದ ವಿಷಯಗಳಲ್ಲೆಲ್ಲ ನಾನು ಹುಷಾರಾಗಿದ್ದೆ. ಎಡವಿದ್ದು ಚಿಕ್ಕಂದಿನಿಂದ ಗೊತ್ತಿದ್ದ ವಿಷಯದಲ್ಲಿ.

ಮೊದಲು ಜಾಗದ ಬಗ್ಗೆ ಸ್ವಲ್ಪ. ನಾಗರಹೊಳೆ, ಕಬಿನಿ ನೋಡಿದವರಿಗೆ ಸಫಾರಿ ಅಂದರೆ ಜೀಪು ಇಲ್ಲವೇ ಬಸ್ಸು, ಜೊತೆಗೆ ಡ್ರೈವರು, ಮೂರು ಗಂಟೆಯ ಸುತ್ತು. ಕ್ರೂಗರ್‌ನಲ್ಲಿ ನಿಮ್ಮ ಕಾರು ತೆಗೆದುಕೊಂಡು ನೀವೇ ಕಾಡಿನೊಳಗೆ ಹೋಗಬಹುದು. ಬೆಳಗಿನಿಂದ ಸಂಜೆಯವರೆಗೆ, ಎಲ್ಲಿ ಬೇಕೋ ಅಲ್ಲಿ, ಎಷ್ಟು ಹೊತ್ತು ಬೇಕೋ ಅಷ್ಟು. ಹತ್ತಿರ ಹತ್ತಿರ 20,000 ಚದರ ಕಿಲೋಮೀಟರ್ ಕಾಡು. ನಮ್ಮ ಇಡೀ ಕರ್ನಾಟಕದ ಹತ್ತನೇ ಒಂದು ಭಾಗ! 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1927ರಲ್ಲಿ ಪ್ರವಾಸಿಗರ ಮೊದಲ ಕಾರುಗಳು ಬಂದವು. ಅಂದಿನಿಂದ ಇದು ಕಾರಿನಲ್ಲಿ ಕೂತು ನೋಡುವ ಕಾಡು.

ನಿಯಮಗಳು ಕಡಿಮೆ, ಆದರೆ ಗಟ್ಟಿ. ಟಾರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಕಚ್ಚಾ ರಸ್ತೆಯಲ್ಲಿ 40. ರಸ್ತೆ ಬಿಟ್ಟು ಕಾರು ಇಳಿಸುವ ಹಾಗಿಲ್ಲ. ಗೊತ್ತುಮಾಡಿದ ಜಾಗಗಳಲ್ಲಿ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವ ಹಾಗಿಲ್ಲ. ಜನವರಿಯಲ್ಲಿ, ರಾತ್ರಿ ತಂಗುವ ಕ್ಯಾಂಪಿನ ಬಾಗಿಲು ಬೆಳಗ್ಗೆ 4:30ಕ್ಕೆ ತೆರೆಯುತ್ತದೆ, ಸಂಜೆ 6:30ಕ್ಕೆ ಮುಚ್ಚುತ್ತದೆ. ತಡವಾದರೆ ದಂಡ. ಇಷ್ಟು ಗೊತ್ತಿದ್ದರೆ ಸಾಕು. ನಮ್ಮ ಹಾಗೆಯೇ ಎಡಬದಿಯ ಓಡಾಟ, ಸ್ಟೀರಿಂಗೂ ಬಲಗಡೆ. ಹಾಗಾಗಿ ನಮ್ಮವರಿಗೆ ಡ್ರೈವಿಂಗ್ ಸಲೀಸು.

ನಾನು ಆಗ ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸಕ್ಕಿದ್ದೆ. ಜೊತೆಗೆ ಬರಬೇಕಿದ್ದ ಇಬ್ಬರು ಹವಾಮಾನ ನೋಡಿ ಕೈ ಎತ್ತಿದರು. ರೂಮಿಗೆ ದುಡ್ಡು ಕಟ್ಟಿಯಾಗಿತ್ತು. ಒಬ್ಬನೇ ಹೊರಟೆ.

ಬೆಳಗಿನ ಪಾಳಿ

ನಾನಿದ್ದ ಕ್ಯಾಂಪು ಲೋವರ್ ಸಾಬಿ. ಸಾಬಿ ನದಿಯ ದಂಡೆಯಲ್ಲೇ ಇದೆ. ರಾತ್ರಿಯಿಡೀ ಮಳೆ ಹೊಯ್ದಿತ್ತು. ಬೆಳಗ್ಗೆ ನಾಲ್ಕೂವರೆಗೆ ಎದ್ದು ನೋಡಿದರೆ ಇನ್ನೂ ಜಿಟಿಜಿಟಿ. ಹೋಗಲೋ ಬೇಡವೋ ಅಂತ ಕಾಫಿ ಹಿಡಿದು ಅರ್ಧ ಗಂಟೆ ನಿಂತಿದ್ದೆ.

ಅನುಮಾನಕ್ಕೆ ಕಾರಣವಿತ್ತು. ಕ್ರೂಗರ್‌ನಲ್ಲಿ ಪ್ರಾಣಿ ನೋಡಲು ಒಳ್ಳೆಯ ಕಾಲ ಜೂನ್‌ನಿಂದ ಸೆಪ್ಟೆಂಬರ್, ಅಲ್ಲಿಯ ಒಣ ಚಳಿಗಾಲ. ಆಗ ಹುಲ್ಲು ಒಣಗಿ ಮಲಗಿರುತ್ತದೆ. ನೀರು ಇರುವಲ್ಲಿಗೆ ಪ್ರಾಣಿ ಬಂದೇ ಬರಬೇಕು. ಮಳೆಗಾಲದಲ್ಲಿ ಹಾಗಲ್ಲ. ಪ್ರತಿ ತಗ್ಗಿನಲ್ಲೂ ನೀರು. ಆನೆ ನದಿಗೇ ಬರಬೇಕೆಂದಿಲ್ಲ. ಹುಲ್ಲು ಎದೆಮಟ್ಟ. ಹತ್ತು ಅಡಿ ದೂರದಲ್ಲಿ ಸಿಂಹ ಮಲಗಿದ್ದರೂ ಕಾಣುವುದಿಲ್ಲ.

ಒಬ್ಬರೇ ಇದ್ದರೆ ಇನ್ನೊಂದು ತೊಂದರೆ. ಎಡಗಡೆ ನೋಡುವವರು ಯಾರೂ ಇಲ್ಲ. ಇಬ್ಬರಿದ್ದಾಗ ಡ್ರೈವರ್ ಬಲಕ್ಕೆ, ಪಕ್ಕದವರು ಎಡಕ್ಕೆ ಅಂತ ಪಾಲು ಮಾಡಿಕೊಳ್ಳಬಹುದು. ಒಬ್ಬನೇ ಆದಾಗ ವೇಗ ಅರ್ಧ ಮಾಡಬೇಕು. ನಾನು 25ರ ಮೇಲೆ ಹೋಗಲೇ ಇಲ್ಲ. ಅದರ ಮೇಲೆ ಗಾಜಿನ ಕಾಟ. ಕಿಟಕಿ ಮುಚ್ಚಿದರೆ ಉಸಿರಿಗೇ ಮಂಜು ಕಟ್ಟುತ್ತದೆ. ತೆರೆದರೆ ಕ್ಯಾಮೆರಾ ತೋಯುತ್ತದೆ. ಏಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಗಾಳಿ ಬೀಸದ ಕಡೆಯ ಕಿಟಕಿ ಮಾತ್ರ ನಾಲ್ಕು ಬೆರಳು ಇಳಿಸಿದೆ. ಕ್ಯಾಮೆರಾಗೆ ಹೋಟೆಲಿನ ಸ್ನಾನದ ಟೋಪಿ. ನೋಡಲು ನಗು ಬರುತ್ತದೆ, ಆದರೆ ದುಬಾರಿ ಕವರಿಗಿಂತ ಚೆನ್ನಾಗಿ ಕೂರುತ್ತದೆ.

ಒಂದು ತೀರ್ಮಾನ ಮಾಡಿಕೊಂಡೆ. ಇವತ್ತು ಟಾರು ರಸ್ತೆ ಬಿಡುವುದಿಲ್ಲ. ಎಚ್4-1 ಹಿಡಿದು ನದಿಯ ಗುಂಟ ಸ್ಕುಕುಜಾ ಕಡೆಗೆ ಹೋಗುವುದು, ಅರ್ಧ ದಾರಿಯಲ್ಲಿ ತಿಂಡಿ ತಿಂದು ವಾಪಸ್ಸಾಗುವುದು. ಅಲ್ಲಿ ಎಚ್ ಅಂದರೆ ಮುಖ್ಯ ರಸ್ತೆ, ಬಹುಪಾಲು ಟಾರಿನದು. ಎಸ್ ಅಂದರೆ ಒಳದಾರಿ, ಬಹುಪಾಲು ಕಚ್ಚಾ. ಸ್ಕುಕುಜಾ ಅನ್ನುವುದು ಈ ಕಾಡಿನ ಮೊದಲ ವಾರ್ಡನ್ ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್‌ಗೆ ಸ್ಥಳೀಯ ತ್ಸೋಂಗಾ ಜನ ಇಟ್ಟ ಅಡ್ಡಹೆಸರು. 1902ರಲ್ಲಿ ಬಂದ ಅವನು ಕಾಡಿನೊಳಗಿದ್ದ ಜನರನ್ನು ಎಬ್ಬಿಸಿ ಕಳಿಸಿದ. ಗುಡಿಸಿ ಹಾಕಿದವನು ಅನ್ನುವ ಅರ್ಥದ ಹೆಸರು. ಇವತ್ತು ಅದೇ ಹೆಸರು ದೊಡ್ಡ ಕ್ಯಾಂಪಿನ ಬೋರ್ಡಿನ ಮೇಲಿದೆ. ಹೊಗಳಿಕೆ ಅಂದುಕೊಂಡು ಫೋಟೋ ತೆಗೆಸಿಕೊಳ್ಳುವವರೇ ಜಾಸ್ತಿ.

ಕ್ಯಾಂಪಿನ ಬಾಗಿಲ ಹತ್ತಿರವೇ ಸನ್‌ಸೆಟ್ ಡ್ಯಾಮ್ ಎಂಬ ಕೆರೆ ಇದೆ. ಬಿಸಿಲಿನ ದಿನ ನೀರಾನೆಗಳು ನೀರಿನಲ್ಲಿ ಮುಳುಗಿರುತ್ತವೆ, ಕಣ್ಣು ಕಿವಿ ಮಾತ್ರ ಮೇಲೆ. ಬಿಸಿಲು ಅವುಗಳ ಚರ್ಮಕ್ಕೆ ಆಗುವುದಿಲ್ಲ. ಅಂದು ಮೋಡ ಕವಿದಿತ್ತಲ್ಲ, ಬೆಳಗಾದ ಮೇಲೂ ಏಳೆಂಟು ನೀರಾನೆ ದಡದ ಮೇಲೆ ಹುಲ್ಲು ಮೇಯುತ್ತಿದ್ದವು. ಇಡೀ ಮೈ, ಕುಳ್ಳ ಕಾಲು, ಆ ದೊಡ್ಡ ಮೂತಿ. ಇಷ್ಟು ದೊಡ್ಡ ಪ್ರಾಣಿ ಹುಲ್ಲು ಹರಿಯುವ ಸದ್ದು ಮಳೆಯ ನಡುವೆಯೂ ಕೇಳುತ್ತಿತ್ತು.

ಆಮೇಲೆ ಒಂದು ಗಂಟೆ ಬರೀ ಇಂಪಾಲ, ನಮ್ಮ ಜಿಂಕೆಯಂಥ ಪ್ರಾಣಿ. ಮಳೆಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ, ಬಯಲಿನಲ್ಲಿ ಸಾಲಾಗಿ ನಿಂತಿದ್ದವು. ಮರಿಗಳು ಡಿಸೆಂಬರಿನ ಆಸುಪಾಸು ಹುಟ್ಟಿದವು, ತಾಯಿಯ ಹೊಟ್ಟೆಯ ಕೆಳಗೆ ತೂರಿಕೊಂಡಿದ್ದವು. ಪೊದೆಯ ಮರೆ ಇದ್ದರೂ ಯಾಕೆ ಬಯಲಲ್ಲೇ ನಿಂತಿವೆ? ಮಳೆ ಗಾಳಿ ಇದ್ದಾಗ ಅವಕ್ಕೆ ಏನೂ ಸರಿಯಾಗಿ ಕೇಳುವುದಿಲ್ಲ, ವಾಸನೆಯೂ ಸಿಗುವುದಿಲ್ಲ. ಕಣ್ಣೊಂದೇ ಗತಿ. ಅದಕ್ಕೇ ದೂರ ಕಾಣುವ ಜಾಗ ಬೇಕು. ಅದೇ ಲೆಕ್ಕ ಬೇಟೆಯಾಡುವ ಪ್ರಾಣಿಗೂ ಗೊತ್ತು. ಮಳೆ ಅದಕ್ಕೆ ಮರೆ.

6:40ಕ್ಕೆ ಎರಡು ಗಂಡು ಸಿಂಹ. ಎಲ್ಲಿ? ರಸ್ತೆಯ ನಡುವೆ! ತೋಯ್ದ ಹುಲ್ಲಿಗಿಂತ ಟಾರು ವಾಸಿ, ನೀರು ನಿಲ್ಲುವುದಿಲ್ಲ. ಒಂದು ಮಲಗಿತ್ತು. ಇನ್ನೊಂದು ಎದ್ದು ನಾಯಿಯ ಹಾಗೆ ಮೈ ಕೊಡವಿತು, ಕೇಸರದಿಂದ ನೀರು ಚಕ್ರದ ಹಾಗೆ ಸಿಡಿಯಿತು. ಬೇರೆ ದಿನ ಆಗಿದ್ದರೆ ಇಪ್ಪತ್ತು ಕಾರು ಮುತ್ತಿಕೊಳ್ಳುತ್ತಿದ್ದವು. ಅಂದು ಐವತ್ತು ನಿಮಿಷ ನಾನು, ಅವು, ವೈಪರ್ ಸದ್ದು. ಮಳೆ ದಿನ ಪ್ರಾಣಿಯನ್ನು ಹುಡುಕಿಕೊಂಡು ಒಳದಾರಿ ಹಿಡಿಯಬೇಕಾಗಿಲ್ಲ, ಅವೇ ದಾರಿಗೆ ಬರುತ್ತವೆ. ಇದನ್ನು ನಾನು ಕಣ್ಣಾರೆ ನೋಡಿದ್ದೆ. ಏಳು ಗಂಟೆ ಕಳೆಯುವುದರೊಳಗೆ ಮರೆತೆ.

ನ್‌ಕುಹ್ಲು ಎಂಬಲ್ಲಿ ಇಳಿದು ತಿಂಡಿ ತಿನ್ನಬಹುದು. ಅಲ್ಲಿಯ ಕೋತಿಗಳ ಬಗ್ಗೆ ನಾನು ಹೇಳಬೇಕಾಗಿಲ್ಲ, ಚಾಮುಂಡಿ ಬೆಟ್ಟ ಹತ್ತಿದವರಿಗೆ ಗೊತ್ತು.

ನಕಾಶೆಯಲ್ಲಿ ಇರುವ ಮಣ್ಣು

ಮಧ್ಯಾಹ್ನ ಕ್ಯಾಂಪಿಗೆ ಬಂದಾಗ ಮಳೆ ನಿಂತಿತ್ತು. ಪ್ರತಿ ಕ್ಯಾಂಪಿನಲ್ಲೂ ಒಂದು ನಕಾಶೆಯ ಹಲಗೆ ಇರುತ್ತದೆ. ಯಾವ ಪ್ರಾಣಿ ಎಲ್ಲಿ ಕಂಡಿತು ಅಂತ ಜನ ಬಣ್ಣದ ಗುಂಡಿ ಅಂಟಿಸುತ್ತಾರೆ. ಎಸ್28ರ ಮೇಲೆ ಎರಡು ಚೀತಾ ಗುಂಡಿ. ಕೌಂಟರಿನಲ್ಲಿ ವಿಚಾರಿಸಿದೆ. ರಸ್ತೆ ತೆರೆದಿದೆ ಅಂದರು. ನಿಜವಾಗಿಯೂ ತೆರೆದಿತ್ತು, ಅವರದೇನೂ ತಪ್ಪಿಲ್ಲ. ತುಂಬಾ ಮಳೆಯಾದರೆ ಕಚ್ಚಾ ರಸ್ತೆಗಳನ್ನು ಮುಚ್ಚುತ್ತಾರೆ. 2000ದ ಫೆಬ್ರವರಿ, 2012ರ ಜನವರಿಯ ನೆರೆಗಳಲ್ಲಿ ಇಲ್ಲಿ ಸೇತುವೆ, ರಸ್ತೆಗಳೇ ಕೊಚ್ಚಿಹೋಗಿದ್ದವು. ಅಂದಿನ ಮಳೆ ಆ ಮಟ್ಟದ್ದಲ್ಲ.

ಚೀತಾ ನಾನು ಅದುವರೆಗೆ ನೋಡಿರಲಿಲ್ಲ. ಬೆಳಗಿನ ತೀರ್ಮಾನ ಗಾಳಿಗೆ ಹೋಯಿತು.

ಇಲ್ಲಿ ಮಣ್ಣಿನ ಕಥೆ ಹೇಳಬೇಕು. ಕ್ರೂಗರ್ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿದ ಕಾಡು. ಅದನ್ನು ಸುಮಾರಾಗಿ ನಡುವೆ ಉದ್ದಕ್ಕೆ ಸೀಳಿದರೆ ಪಶ್ಚಿಮದ ಅರ್ಧ ಗ್ರಾನೈಟ್, ಪೂರ್ವದ ಅರ್ಧ ಬಸಾಲ್ಟ್. ಗ್ರಾನೈಟ್ ಸವೆದರೆ ಮರಳು ಮಣ್ಣು. ಮಳೆ ನೀರು ಬೇಗ ಇಂಗುತ್ತದೆ, ರಸ್ತೆ ಬೇಗ ಗಟ್ಟಿಯಾಗುತ್ತದೆ. ಅಲ್ಲೂ ದಿಣ್ಣೆಯ ಮೇಲೆ ಮರಳು, ಹಳ್ಳದ ಹತ್ತಿರ ಜೇಡಿ. ಬಸಾಲ್ಟ್ ಸವೆದರೆ ಕಪ್ಪು ಜೇಡಿಮಣ್ಣು. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಬೆಳೆಯುವ ಹುಲ್ಲು ರುಚಿ, ಅದಕ್ಕೇ ಪೂರ್ವದ ಬಯಲಿನಲ್ಲಿ ಜೀಬ್ರಾ, ವೈಲ್ಡ್‌ಬೀಸ್ಟ್ ಜಾಸ್ತಿ. ಬಯಲು ಇರುವುದಕ್ಕೇ ಚೀತಾ. ಎಸ್28 ಹಾದು ಹೋಗುವುದು ಈ ಬಸಾಲ್ಟ್ ಬಯಲಿನಲ್ಲೇ.

ನನ್ನ ಊರು ವಿಜಯಪುರ ಜಿಲ್ಲೆ. ದಖನ್ನಿನ ಬಸಾಲ್ಟ್ ಸವೆದು ಆದ ಕಪ್ಪು ನೆಲ ನಮ್ಮದು, ಎರೆಮಣ್ಣು. ಅಜ್ಜನ ಬಾಯಲ್ಲಿ ಎರಿ. ಅಲ್ಲಿಯ ಬಸಾಲ್ಟಿಗೆ 18 ಕೋಟಿ ವರ್ಷ, ನಮ್ಮದಕ್ಕೆ ಆರೂವರೆ ಕೋಟಿ. ವಯಸ್ಸು ಬೇರೆ, ಗುಣ ಒಂದೇ. ಅಜ್ಜ ನನಗೆ ಆರು ವರ್ಷ ಇದ್ದಾಗಿನಿಂದ ಹೇಳುತ್ತಿದ್ದ: "ಹಸಿ ಎರಿಯಾಗ ಕಾಲು ಇಟ್ಟರ ಕಾಲೂ ನಿಂದಲ್ಲ, ಚಪ್ಪಲೀನೂ ನಿಂದಲ್ಲ." ಮಳೆಯಾದ ಮೂರು ದಿನ ಹೊಲಕ್ಕೆ ಚಕ್ಕಡಿ ಇಳಿಸುತ್ತಿರಲಿಲ್ಲ.

ಎಸ್28ಕ್ಕೆ ತಿರುಗಿದ ಕೂಡಲೇ ರಸ್ತೆಯ ಎರಡೂ ಅಂಚು ಕಪ್ಪಗಿದ್ದುದನ್ನು ನೋಡಿದೆ. "ಅರೆ, ನಮ್ಮೂರ ಹೊಲದ ಹಾಗೇ ಇದೆ" ಅಂತ ಜೋರಾಗಿ ಹೇಳಿಕೊಂಡದ್ದೂ ನೆನಪಿದೆ. ಖುಷಿಯಾಯಿತು. ಅಷ್ಟೇ. ಅದರ ಮುಂದಿನ ಮಾತು ತಲೆಗೆ ಹೊಳೆಯಲಿಲ್ಲ.

ಗಾಲಿ ಹೂತದ್ದು

ರಸ್ತೆಯ ನಡುಭಾಗ ಜಲ್ಲಿ ಹಾಕಿ ಗಟ್ಟಿ ಮಾಡಿದ್ದು. ಕಾರು ಚೆನ್ನಾಗಿಯೇ ಹೋಗುತ್ತಿತ್ತು. ಎಡಕ್ಕೆ ಸುಮಾರು ಅರವತ್ತು ಮೀಟರ್ ದೂರದಲ್ಲಿ ಒಂದು ಹುತ್ತದ ಮೇಲೆ ಎರಡು ಚೀತಾ ಕೂತಿದ್ದವು. ಅಣ್ಣತಮ್ಮ ಇರಬೇಕು, ಗಂಡು ಚೀತಾಗಳು ಹಾಗೆ ಜೊತೆಯಾಗಿ ಇರುತ್ತವೆ. ಎಂಜಿನ್ ಆರಿಸಿ ಹತ್ತು ನಿಮಿಷ ನೋಡಿದೆ.

ಎದುರಿನಿಂದ ಒಂದು ಬಕ್ಕಿ ಬಂತು. ಪಿಕಪ್ ಗಾಡಿಗೆ ಅಲ್ಲಿ ಬಕ್ಕಿ ಅನ್ನುತ್ತಾರೆ. ನಾನು ಮರ್ಯಾದಸ್ಥನ ಹಾಗೆ ಎಡಕ್ಕೆ ಸರಿದು ದಾರಿ ಬಿಟ್ಟೆ. ಅವರು ಕೈ ಎತ್ತಿ ಹೋದರು. ಹತ್ತು ನಿಮಿಷದ ಮೇಲೆ ಹೊರಡಲು ಹೋದರೆ ಎಡ ಮುಂಗಾಲಿ ಸುಮ್ನೆ ತಿರುಗಿತು.

ಎರಡು ಸಲ ಆಕ್ಸಿಲರೇಟರ್ ಒತ್ತಿದೆ. ಎರಡೂ ಸಲ ಕಾರು ಒಂದಿಷ್ಟು ಕೆಳಗೆ ಕೂತಿತು. ಸ್ಟೀರಿಂಗ್ ನೇರ ಮಾಡಿ, ರಿವರ್ಸ್ ಹಾಕಿ, ಕ್ಲಚ್ ಮೆಲ್ಲಗೆ ಬಿಟ್ಟು ನೋಡಿದೆ. ಆಗಲಿಲ್ಲ. ಅಲ್ಲಿಗೆ ನಿಲ್ಲಿಸಿದೆ. ಅಂದಿನ ಮಧ್ಯಾಹ್ನ ನಾನು ಮಾಡಿದ ಮೊದಲ ಬುದ್ಧಿವಂತ ಕೆಲಸ ಅದು. ಇನ್ನೆರಡು ಸಲ ತಿರುಗಿಸಿದ್ದರೆ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು.

ಪ್ರವೇಶದ ಪರ್ಮಿಟ್ ಚೀಟಿಯ ಮೇಲೆ ತುರ್ತು ಫೋನ್ ನಂಬರ್ ಇತ್ತು. ನೆಟ್‌ವರ್ಕ್ ಒಂದು ಕಡ್ಡಿ, ಬಂದು ಹೋಗಿ ಮಾಡುತ್ತಿತ್ತು. ನಾಲ್ಕನೇ ಸಲಕ್ಕೆ ಸಿಕ್ಕಿತು, ನಲವತ್ತು ಸೆಕೆಂಡು. "ಎಸ್28ರಲ್ಲಿ ಎಲ್ಲಿ?" ಅಂದರು. ಉತ್ತರ ಗೊತ್ತಿರಲಿಲ್ಲ. ತಿರುವಿನಲ್ಲಿ ಮೀಟರಿನ ಕಿಲೋಮೀಟರ್ ಸೊನ್ನೆ ಮಾಡಿಕೊಂಡಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಮೊದಲೇ ಇಳಿಸಿಕೊಂಡಿದ್ದ ಮ್ಯಾಪಿನಲ್ಲಿ ನೆಟ್‌ವರ್ಕ್ ಇಲ್ಲದೆಯೂ ಅಕ್ಷಾಂಶ ರೇಖಾಂಶ ತೋರಿಸುತ್ತದೆ. ಅದನ್ನು ಓದಿ ಹೇಳಿದೆ. "ಕಾರಿನಲ್ಲೇ ಇರಿ" ಅನ್ನುವಷ್ಟರಲ್ಲಿ ಲೈನು ಹೋಯಿತು. ಅವರು ಬರೆದುಕೊಂಡರೋ ಇಲ್ಲವೋ?

ಅನುಮಾನ ಶುರುವಾದದ್ದೇ ಅಲ್ಲಿ. ಕಾಲಡಿಯ ಮ್ಯಾಟು ತೆಗೆದು ಗಾಲಿಯ ಕೆಳಗೆ ಕೊಟ್ಟರೆ ಕಾರು ಎದ್ದೇಳುತ್ತದೆ, ಎರಡೇ ನಿಮಿಷದ ಕೆಲಸ. ಚೀತಾ ಮನುಷ್ಯರ ಮೇಲೆ ಬೀಳುವ ಪ್ರಾಣಿಯಲ್ಲ. ಸುತ್ತ ಬೇರೇನೂ ಕಾಣುತ್ತಿಲ್ಲ. ಬಾಗಿಲ ಹಿಡಿಗೆ ಕೈ ಹಾಕಿದ್ದೆ, ಸುಳ್ಳು ಹೇಳುವುದಿಲ್ಲ.

ಆಗ ಕಾರಿನಿಂದ ಹದಿನೈದು ಮೀಟರ್ ಹಿಂದೆ, ರಸ್ತೆಯ ಕೆಳಗಿನ ಮೋರಿಯೊಳಗಿಂದ ಒಂದು ಕತ್ತೆಕಿರುಬ ಎದ್ದು ಬಂತು. ಕ್ರೂಗರ್‌ನಲ್ಲಿ ಅವು ರಸ್ತೆಯ ಮೋರಿಗಳಲ್ಲೇ ಮನೆ ಮಾಡುವುದುಂಟು. ಆ ಮೋರಿಯ ಮೇಲೆಯೇ ನಾನು ಹಾದು ಬಂದಿದ್ದೆ. ಅದು ನಿಧಾನವಾಗಿ ನಡೆದು ಬಂದು ನನ್ನದೇ ಗಾಲಿ ತೋಡಿದ ಹಳ್ಳದಲ್ಲಿ ನಿಂತ ನೀರನ್ನು ನೆಕ್ಕಿ ಕುಡಿಯಿತು. ತಲೆ ಎತ್ತಿ ನೋಡಿತು. ಕಾರಿನ ಗಾಜು ನಡುವೆ. ಆಮೇಲೆ ಮುಂದೆ ಹೋಯಿತು. ಸುತ್ತ ಬೇರೇನೂ ಇಲ್ಲ ಅನ್ನುವುದಕ್ಕೂ ಬೇರೇನೂ ಕಾಣುತ್ತಿಲ್ಲ ಅನ್ನುವುದಕ್ಕೂ ಇರುವ ಅಂತರ ಸರಿಯಾಗಿ ಹದಿನೈದು ಮೀಟರ್. ಮ್ಯಾಟು ಇದ್ದಲ್ಲೇ ಇರಲಿ ಅಂದುಕೊಂಡೆ.

ಕಾದದ್ದು

ಮೂರು ಗಂಟೆಯ ಹೊತ್ತಿಗೆ ಬಿಸಿಲು ಬಂತು. ನೆಲದಿಂದ ಹಬೆ ಎದ್ದಿತು. ಕಾರಿನ ಪಕ್ಕದ ನೆಲವೇ ಬಾಯಿ ಬಿಟ್ಟ ಹಾಗೆ ರೆಕ್ಕೆ ಗೆದ್ದಲು ಏಳತೊಡಗಿದವು. ನಮ್ಮೂರ ಮಕ್ಕಳ ಬಾಯಲ್ಲಿ ಮಳೆಹುಳು. ಐದು ನಿಮಿಷದಲ್ಲಿ ಹಕ್ಕಿಗಳ ಸಂತೆ. ಯುರೋಪಿನಿಂದ ಬಂದ ನೀಲಕಂಠಗಳು ಗಾಳಿಯಲ್ಲೇ ಹಿಡಿಯುತ್ತಿದ್ದವು. ಅದಕ್ಕಿಂತ ವಿಚಿತ್ರ ಹುಲ್ಲುಗಾವಲ ಹದ್ದು. ಮೊಲ ಹೊತ್ತೊಯ್ಯುವಷ್ಟು ದೊಡ್ಡ ಹಕ್ಕಿ, ಕೋಳಿಯ ಹಾಗೆ ನೆಲದ ಮೇಲೆ ನಡೆಯುತ್ತ ಒಂದೊಂದೇ ಗೆದ್ದಲು ಹೆಕ್ಕುತ್ತಿತ್ತು. ಮಧ್ಯ ಏಷ್ಯಾದ ಕಡೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ಬರುವುದು ಇಂಥ ಊಟಕ್ಕೇ.

ಮುಳ್ಳಿನ ಮರದ ಮೇಲೆ ಕಪ್ಪು ಬಿಳಿ ಹಕ್ಕಿ, ತಲೆಗೆ ಜುಟ್ಟು. ನಮ್ಮ ಚಾತಕ! ಅಲ್ಲೂ ಅದು ಮಳೆಗಾಲದ ಹಕ್ಕಿಯೇ. ಉತ್ತರ ಭಾರತಕ್ಕೆ ಮುಂಗಾರಿನ ಜೊತೆ ಬರುವ ಚಾತಕಗಳು ಆಫ್ರಿಕಾದಿಂದಲೇ ಬರುತ್ತವೆ. ಈ ಮರದ ಮೇಲಿದ್ದದ್ದು ದಕ್ಷಿಣ ಆಫ್ರಿಕಾದಲ್ಲೇ ಸಂತಾನ ಮಾಡುವ ಬಳಗದ್ದು, ನಮ್ಮ ಕಡೆ ಬರುವಂಥದ್ದಲ್ಲ. ಆದರೂ ಗುರುತಿನವರು ಸಿಕ್ಕ ಹಾಗಾಯಿತು. ಗಾಲಿಯ ಹಳ್ಳಕ್ಕೆ ಒಂದು ಚಿರತೆ ಆಮೆಯೂ ನೀರು ಕುಡಿಯಲು ಬಂತು. ಅದರ ಚಿಪ್ಪಿನ ಚುಕ್ಕೆಯಿಂದ ಬಂದ ಹೆಸರು ಅದು. ಅರ್ಧ ಗಂಟೆ ಕುಡಿಯಿತು. ಚೀತಾಗಳು ಈ ಗದ್ದಲಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ನಿದ್ದೆ ಹೊಡೆದವು. ಬೆಳಗಿನಿಂದ ಅರವತ್ತು ಕಿಲೋಮೀಟರ್ ಸುತ್ತಿ ನೋಡಿದ್ದಕ್ಕಿಂತ ಜಾಸ್ತಿ, ಹೂತ ಕಾರಿನಲ್ಲಿ ಕೂತು ನೋಡಿದೆ.

ಬೆಳಗಿನ ಮೂರು ಲೋಟ ಕಾಫಿಯ ಬಗ್ಗೆಯೂ ಹೇಳಬೇಕು. ಒಂದು ಖಾಲಿ ಬಾಟಲಿ ಕಾರಿನಲ್ಲಿರಲಿ. ಇಷ್ಟು ಸಾಕು.

3:50ಕ್ಕೆ ದಾರಿಯಲ್ಲಿ ಬಂದ ಕಾರಿನವರು ನಿಲ್ಲಿಸಿ ಕಿಟಕಿಯಿಂದಲೇ ಮಾತಾಡಿಸಿದರು, ನೀರು ಕೊಟ್ಟರು, ಕ್ಯಾಂಪಿಗೆ ಸುದ್ದಿ ಮುಟ್ಟಿಸುತ್ತೇವೆ ಅಂದರು. ಬೇಕಾಗಲಿಲ್ಲ. ಅವರು ಹೊರಟ ಸ್ವಲ್ಪ ಹೊತ್ತಿಗೆ ಉದ್ಯಾನದ ಸಿಬ್ಬಂದಿಯ ಗಾಡಿ ಬಂತು. ಮೊದಲ ಫೋನಿನಲ್ಲಿ ಹೇಳಿದ ಅಂಕಿಗಳನ್ನು ಅವರು ಬರೆದುಕೊಂಡಿದ್ದರು. ಇಬ್ಬರು. ಒಬ್ಬ ಹಿರಿಯರು ಗಾಡಿಯ ಮೇಲೆ ನಿಂತು ಸುತ್ತ ಕಣ್ಣಾಡಿಸಿದರು. ಆಮೇಲೆ ನನಗೆ ಇಳಿಯಲು ಹೇಳಿದರು. ಸಣ್ಣ ಕಾರುಗಳಲ್ಲಿ ಎಳೆಯುವ ಕೊಕ್ಕೆ ಬಂಪರಿನಲ್ಲಿ ಇರುವುದಿಲ್ಲ. ಡಿಕ್ಕಿಯ ಹಲಗೆಯ ಕೆಳಗೆ ಇರುತ್ತದೆ, ತೆಗೆದು ತಿರುಪಬೇಕು. ಅದು ಎಲ್ಲಿದೆ ಅಂತ ಹುಡುಕಲು ನನಗೆ ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷವೂ ಅವರು ಹುಲ್ಲನ್ನೇ ನೋಡುತ್ತಿದ್ದರು, ನನ್ನನ್ನಲ್ಲ. ಹಗ್ಗ ಕಟ್ಟಿ ಎಳೆದಾಗ ಕಾರು ಪಚಕ್ ಅಂತ ಮೇಲೆ ಬಂತು.

ತ್ಸೋಂಗಾದಲ್ಲಿ ನನಗೆ ಗೊತ್ತಿದ್ದ ಒಂದೇ ಒಂದು ಪದ ಹೇಳಿದೆ, "ಇಂಕೋಮು." ಅಂದರೆ ಥ್ಯಾಂಕ್ಸ್. ಅವರು ನಕ್ಕರು. ಮಳೆಯಲ್ಲಿ ಯಾಕೆ ಬಂದೆ ಅಂತ ಕೇಳಲಿಲ್ಲ. ಯಾಕೆ ಪಕ್ಕಕ್ಕೆ ಸರಿದೆ ಅಂತ ಕೇಳಿದರು. ಎದುರಿನವರಿಗೆ ದಾರಿ ಬಿಡಲು ಅಂದೆ. "ಮಳೆ ಆದ ಮೇಲೆ ನಡುರಸ್ತೆಯಲ್ಲೇ ನಿಲ್ಲಬೇಕು. ಇಬ್ಬರೂ ನಿಧಾನಕ್ಕೆ ಜಲ್ಲಿಯ ಮೇಲೇ ಪಕ್ಕ ಪಕ್ಕ ದಾಟಬೇಕು. ಜಾಗ ಸಾಲದಿದ್ದರೆ ಒಬ್ಬರು ಹಿಂದೆ ಹೋಗಬೇಕು. ಇಲ್ಲಿ ಯಾರಿಗೂ ಅವಸರ ಇಲ್ಲ" ಅಂದರು.

ಇಡೀ ಪ್ರಕರಣ ಅದರಲ್ಲೇ ಇದೆ ಅನ್ನಿಸುತ್ತದೆ. ಎಸ್28ಕ್ಕೆ ಹೋದದ್ದು ಸಣ್ಣ ತಪ್ಪು, ಅವತ್ತು ಆ ರಸ್ತೆಯಲ್ಲಿ ಇನ್ನೂ ಎಷ್ಟೋ ಕಾರು ಓಡಾಡಿದವು, ಯಾವುದೂ ಹೂಳಲಿಲ್ಲ. ಹೂತದ್ದು ಎರಡಡಿ ಪಕ್ಕಕ್ಕೆ ಹೋದದ್ದರಿಂದ. ಊರಿನ ಕಿರಿದಾದ ರಸ್ತೆಗಳಲ್ಲಿ ಎದುರಿಗೆ ಬಸ್ಸು ಬಂದರೆ ಮಣ್ಣಿಗೆ ಇಳಿಸಿ ಅಭ್ಯಾಸ. ಕೈ ತಾನಾಗಿ ತಿರುಗಿಸಿತು. ಒಬ್ಬನೇ ಇದ್ದದ್ದೂ ಸೇರಿಕೊಂಡಿತು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಎಡಗಡೆಯ ಕೆಸರು ಅವರ ಕಣ್ಣಿಗೆ ಬೀಳುತ್ತಿತ್ತು, ಅಲ್ವಾ? ನನ್ನ ಕಣ್ಣು ಚೀತಾದಿಂದ ಬಕ್ಕಿಗೆ, ಬಕ್ಕಿಯಿಂದ ಚೀತಾಗೆ ಹೋಗಿ ಬಂತು. ನೆಲದ ಮೇಲೆ ಬೀಳಲೇ ಇಲ್ಲ.

ಐದೂಕಾಲಿಗೆ ಕ್ಯಾಂಪು ಸೇರಿದೆ. ಬಾಗಿಲು ಮುಚ್ಚಲು ಇನ್ನೂ ಒಂದು ಗಂಟೆ ಮೇಲೆ ಬಾಕಿ. ಹಲಗೆಯ ಮೇಲೆ ಒಂದು ಚೀತಾ ಗುಂಡಿ, ಒಂದು ಕತ್ತೆಕಿರುಬದ ಗುಂಡಿ ಅಂಟಿಸಿದೆ.

ಮರುದಿನ ಬೆಳಗ್ಗೆ ಊರಿಗೆ ಫೋನ್ ಮಾಡಿದೆ. ಇಲ್ಲಿ ಏಳು ಅಂದರೆ ಅಲ್ಲಿ ಹತ್ತೂವರೆ, ಅಜ್ಜ ಕಟ್ಟೆಯ ಮೇಲೆ ಕೂತಿರುವ ಹೊತ್ತು. ಸಿಂಹದ ಕಥೆ ಹೇಳಿದೆ, ಕತ್ತೆಕಿರುಬದ ಕಥೆ ಹೇಳಿದೆ, ಹಗ್ಗ ಕಟ್ಟಿ ಎಳೆದದ್ದು ಹೇಳಿದೆ. ಎಲ್ಲ ಕೇಳಿಸಿಕೊಂಡು ಅಜ್ಜ ಒಂದೇ ಪ್ರಶ್ನೆ ಕೇಳಿದ.

"ಮಣ್ಣು ಎಂಥಾದ್ದೋ?"

"ಎರಿ, ಅಜ್ಜಾ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಮತ್ತ ಇಳಿಸಿದ್ಯಾಕ?"